ಜಾಲ ಬದಲಾದರೆ ಮೋಡೆಮ್ ಹಳತಾಗುವುದೇ?

ಮೊಬೈಲ್ ಕಂಪನಿಯೊಂದು ತನ್ನ ಜಾಲವನ್ನು ಮೇಲ್ದರ್ಜೆಗೇರಿಸಿದೆ ಎಂಬ ಪ್ರಕಟಣೆ ಬಂದಾಗಲೆಲ್ಲ ಎರಡು ಮಾತುಗಳು ಕೇಳಿಬರುತ್ತವೆ. 'ನಿಮ್ಮ ಮೋಡೆಮ್ ಇನ್ನು ಕೆಲಸಕ್ಕೆ ಬಾರದು, ಹೊಸದನ್ನು ಕೊಳ್ಳಿ' ಎಂಬುದು ಅಂಗಡಿಯ ಮಾತು. 'ಹೊಸ ಜಾಲ ಹಳೆಯ ಸಾಧನಗಳಿಗೂ ಹೊಂದಿಕೊಳ್ಳುತ್ತದೆ, ಚಿಂತೆ ಬೇಡ' ಎಂಬುದು ತಂತ್ರಜ್ಞರ ಮಾತು. ಎರಡೂ ಅರ್ಧಸತ್ಯಗಳು.

ಮೇಲ್ದರ್ಜೆ ಎಂಬ ಒಂದೇ ಪದದೊಳಗೆ ಎರಡು ಬೇರೆ ಬೇರೆ ಕ್ರಿಯೆಗಳು ಅಡಗಿರುವುದೇ ಗೊಂದಲಕ್ಕೆ ಕಾರಣ. ಒಂದು, ಇರುವುದಕ್ಕೆ ಹೊಸದನ್ನು ಸೇರಿಸುವುದು. ಇನ್ನೊಂದು, ಇರುವುದನ್ನು ತೆಗೆದು ಆ ಜಾಗದಲ್ಲಿ ಹೊಸದನ್ನು ಇಡುವುದು. ಮೊದಲನೆಯದರಿಂದ ನಿಮ್ಮ ಮೋಡೆಮ್‌ಗೆ ಅಪಾಯವಿಲ್ಲ, ಎರಡನೆಯದರಿಂದ ಉಂಟು. ಶಾಲೆಯ ಪ್ರಯೋಗಾಲಯಕ್ಕೆ ಮೋಡೆಮ್ ಕೊಳ್ಳುವ ಮುನ್ನ, ಅಥವಾ ಇರುವುದನ್ನು ಮೂಲೆಗೆ ಎಸೆಯುವ ಮುನ್ನ, ಈ ಭೇದವನ್ನು ತಿಳಿದಿರುವುದು ಒಳ್ಳೆಯದು.

ಸೇರಿಸಿದಾಗ ಆಗುವುದೇನು?

ಭಾರತದಲ್ಲಿ 3ಜಿ ಸೇವೆ 2008ರ ಡಿಸೆಂಬರ್‌ನಲ್ಲಿ ಎಂಟಿಎನ್‌ಎಲ್ ಮೂಲಕ ದೆಹಲಿಯಲ್ಲಿ ಆರಂಭವಾಯಿತು. 2010ರ ಹರಾಜಿನ ಬಳಿಕ ಖಾಸಗಿ ಕಂಪನಿಗಳೂ ಬಂದವು. ಆಗ ಮಾರಾಟವಾದ ಯುಎಸ್‌ಬಿ ಮೋಡೆಮ್‌ಗಳ ಮೇಲೆ 3.6, 7.2, 14.4, 21 ಎಂಬ ಸಂಖ್ಯೆಗಳಿರುತ್ತಿದ್ದವು. ಅವು ಸೆಕೆಂಡಿಗೆ ಗರಿಷ್ಠ ಎಷ್ಟು ಮೆಗಾಬಿಟ್ ಎಂಬುದನ್ನು ಸೂಚಿಸುತ್ತಿದ್ದವು. ಈ ಸಂಖ್ಯೆಗಳು ಎಲ್ಲಿಂದ ಬಂದವು? ವಿದ್ಯಾರ್ಥಿಗಳು ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿಯೇ ನೋಡಬಹುದು.

3ಜಿಯ ಒಂದು ವಾಹಕಕ್ಕೆ 5 ಮೆಗಾಹರ್ಟ್ಸ್ ಅಗಲದ ಆವೃತ್ತಿ ಪಟ್ಟಿ ಬೇಕು. ಅದರಲ್ಲಿ ದತ್ತಾಂಶಕ್ಕಾಗಿ ಏಕಕಾಲಕ್ಕೆ ಹೆಚ್ಚೆಂದರೆ 15 ಸಂಕೇತ ಮಾಲೆಗಳನ್ನು ಬಳಸಬಹುದು. ಪ್ರತಿ ಮಾಲೆಯಲ್ಲೂ ಸೆಕೆಂಡಿಗೆ 2,40,000 ಚಿಹ್ನೆಗಳು ಸಾಗುತ್ತವೆ. 16-ಕ್ಯುಎಎಂ ಎಂಬ ಮಾಡ್ಯುಲೇಷನ್ ವಿಧಾನದಲ್ಲಿ ಒಂದು ಚಿಹ್ನೆ 4 ಬಿಟ್‌ಗಳನ್ನು ಹೊರುತ್ತದೆ. ಗುಣಿಸಿ: 15 × 2,40,000 × 4 = 1,44,00,000. ಇದೇ 14.4 ಮೆಗಾಬಿಟ್. ನಂತರ ಬಂದ ಎಚ್‌ಎಸ್‌ಪಿಎ ಪ್ಲಸ್‌ನಲ್ಲಿ 64-ಕ್ಯುಎಎಂ ವಿಧಾನ ಸೇರಿಕೊಂಡಿತು. ಚಿಹ್ನೆಗೆ 6 ಬಿಟ್ ಆದ್ದರಿಂದ ಲೆಕ್ಕ 21.6ಕ್ಕೆ ಏರಿತು. ಪೆಟ್ಟಿಗೆಯ ಮೇಲಿನ 21ರ ಮೂಲ ಇದು. ಗಮನಿಸಿ: ಪಟ್ಟಿ ಅದೇ, ಮಾಲೆಗಳೂ ಅವೇ, ಒಂದು ಚಿಹ್ನೆಯಲ್ಲಿ ತುಂಬುವ ಬಿಟ್‌ಗಳಷ್ಟೇ ಹೆಚ್ಚಿದವು.

ಹಾಗಾದರೆ 7.2ರ ಮೋಡೆಮ್ ಗತಿ? ಅದು 10 ಮಾಲೆಗಳನ್ನು ಮಾತ್ರ ಗ್ರಹಿಸಬಲ್ಲದು. 64-ಕ್ಯುಎಎಂ ಅದಕ್ಕೆ ತಿಳಿಯದು. ಆದರೆ ಸಂಪರ್ಕ ಏರ್ಪಡುವಾಗಲೇ ಅದು ತನ್ನ ಸಾಮರ್ಥ್ಯದ ವರ್ಗವನ್ನು ಜಾಲಕ್ಕೆ ತಿಳಿಸಿರುತ್ತದೆ. ಗೋಪುರದ ಕೇಂದ್ರವು ಯಾರಿಗೆ, ಯಾವ ವಿಧಾನದಲ್ಲಿ ಕಳಿಸಬೇಕೆಂಬುದನ್ನು 2 ಮಿಲಿಸೆಕೆಂಡಿಗೊಮ್ಮೆ ಹೊಸದಾಗಿ ನಿರ್ಧರಿಸುತ್ತದೆ. ಒಂದು ಸರದಿಯಲ್ಲಿ ಹೊಸ ಮೋಡೆಮ್‌ಗೆ 64-ಕ್ಯುಎಎಂ, ಮುಂದಿನ ಸರದಿಯಲ್ಲಿ ಹಳೆಯದಕ್ಕೆ 16-ಕ್ಯುಎಎಂ. ಆದ್ದರಿಂದ ಜಾಲ 21ಕ್ಕೆ ಏರಿದರೂ ಹಳೆಯ ಮೋಡೆಮ್ ತನ್ನ ಮಿತಿಯೊಳಗೆ ಎಂದಿನಂತೆ ಕೆಲಸ ಮಾಡುತ್ತದೆ. ನೆರೆಯವರ ವೇಗದ ಮೋಡೆಮ್ ತನ್ನ ಕೆಲಸವನ್ನು ಬೇಗ ಮುಗಿಸಿದರೆ ಉಳಿದ ಸರದಿಗಳು ಇತರರಿಗೆ ದೊರೆಯುವುದರಿಂದ ಅದಕ್ಕೆ ಅಲ್ಪ ಲಾಭವೂ ಆಗಬಹುದು.

ಇನ್ನೊಂದು ಸಂಗತಿ. 64 ಬಿಂದುಗಳನ್ನು ಪರಸ್ಪರ ಗುರುತಿಸಬೇಕಾದರೆ ಸಂಕೇತ ಬಹಳ ಸ್ವಚ್ಛವಾಗಿರಬೇಕು. ಗೋಪುರದಿಂದ ದೂರದಲ್ಲಿ ಗದ್ದಲ ಹೆಚ್ಚಾದಾಗ ಕೇಂದ್ರವು ಹೊಸ ಮೋಡೆಮ್‌ಗೂ ಕಡಿಮೆ ಬಿಟ್‌ಗಳ ವಿಧಾನದಲ್ಲೇ ಕಳಿಸುತ್ತದೆ. ಊರಿನ ಅಂಚಿನಲ್ಲಿರುವ ಶಾಲೆಗೆ 21ರ ಮೋಡೆಮ್ ಕೊಂಡರೂ ಹಣ ಹೋಗುತ್ತಿತ್ತೇ ಹೊರತು ವೇಗ ಹೆಚ್ಚು ಬದಲಾಗುತ್ತಿರಲಿಲ್ಲ. ಅಂಗಡಿಯ ಮಾತು ಇಲ್ಲಿ ಬಿದ್ದುಹೋಗುತ್ತದೆ.

ತೆಗೆದಾಗ ಆಗುವುದೇನು?

ತಂತ್ರಜ್ಞರ ಸಮಾಧಾನವನ್ನೂ ಇದೇ ರೀತಿ ಪರೀಕ್ಷಿಸೋಣ. 3ಜಿಯೊಳಗೆ ಹಳತು ಹೊಸತು ಕೂಡಿ ಬಾಳಿದ್ದು ಅವುಗಳ ಮೂಲ ರಚನೆ ಒಂದೇ ಆಗಿದ್ದರಿಂದ. 4ಜಿಯ ರಚನೆ ಬೇರೆ. 5 ಮೆಗಾಹರ್ಟ್ಸ್‌ನ ಒಂದು ಪಟ್ಟಿಯನ್ನು 3ಜಿಗೆ ಕೊಟ್ಟರೆ ಅದೇ ಸ್ಥಳದಲ್ಲಿ ಅದನ್ನು 4ಜಿಗೆ ಕೊಡಲಾಗದು. ಕಂಪನಿಯ ಬಳಿ ಇರುವ ಪಟ್ಟಿಗಳೋ ಎಣಿಕೆಯವು. ಹೀಗಾಗಿ ಒಂದು ದಿನ ಹಳೆಯದನ್ನು ಖಾಲಿ ಮಾಡಿಸಬೇಕಾಗುತ್ತದೆ.

ಹಾಗೆಯೇ ಆಯಿತು. ಏರ್‌ಟೆಲ್ 2019ರಲ್ಲಿ ಕೋಲ್ಕತ್ತದಿಂದ ಆರಂಭಿಸಿ ತನ್ನ 3ಜಿ ಜಾಲವನ್ನು ಹಂತಹಂತವಾಗಿ ಮುಚ್ಚಿತು. ಆ ಪಟ್ಟಿಗಳು 4ಜಿಗೆ ಹೋದವು. ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದ 3ಜಿ ಮೋಡೆಮ್‌ಗಳು ಆ ಜಾಲದಲ್ಲಿ 2ಜಿಯ ಎಡ್ಜ್ ವೇಗಕ್ಕೆ ಕುಸಿದವು. ಸಿಡಿಎಂಎ ಮೋಡೆಮ್‌ಗಳ ಸ್ಥಿತಿ ಇನ್ನೂ ಕಷ್ಟದ್ದು. 2010ರ ದಶಕ ಮುಗಿಯುವ ಮುನ್ನವೇ ಖಾಸಗಿ ಸಿಡಿಎಂಎ ಜಾಲಗಳು ನಿಂತಾಗ, ಜಿಎಸ್‌ಎಂ ತಿಳಿಯದ ಆ ಮೋಡೆಮ್‌ಗಳಿಗೆ ಇಳಿಯಲು ಕೆಳಗಿನ ಮೆಟ್ಟಿಲೇ ಇರಲಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ನೋಡಿ. 3ಜಿ ಹೋಯಿತು, ಅದಕ್ಕಿಂತ ಹಳೆಯದಾದ 2ಜಿ ಉಳಿಯಿತು. ಸಾದಾ ಫೋನ್‌ಗಳ ಕರೆಗಳಿಗೆ ಅದು ಬೇಕಾಗಿತ್ತು, ಅದಕ್ಕೆ ಬೇಕಾದ ಪಟ್ಟಿಯೂ ಚಿಕ್ಕದು. ಅಂದರೆ ಸಾಧನದ ಬಾಳನ್ನು ನಿರ್ಧರಿಸುವುದು ಅದರ ವಯಸ್ಸಲ್ಲ, ಅದು ಬಳಸುವ ಪಟ್ಟಿಗೆ ಬೇರೆ ಬೇಡಿಕೆ ಇದೆಯೇ ಎಂಬುದು.

5ಜಿಯಿಂದ ಇದು ಮತ್ತೆ ದೃಢಪಟ್ಟಿತು. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಆರಂಭವಾದಾಗ 4ಜಿ ಮೋಡೆಮ್‌ಗಳು ಸಾಯಲಿಲ್ಲ. ಹೊಸ ಸೇವೆಗೆ ಮುಖ್ಯವಾಗಿ 3300 ಮೆಗಾಹರ್ಟ್ಸ್‌ನ ಹೊಸ ಪಟ್ಟಿ ದೊರೆತಿತ್ತು. 4ಜಿಯನ್ನು ಎಬ್ಬಿಸುವ ಅಗತ್ಯವಿರಲಿಲ್ಲ. ಏರ್‌ಟೆಲ್ ಆರಂಭದಲ್ಲಿ ಅನುಸರಿಸಿದ ವಿಧಾನದಲ್ಲಂತೂ 5ಜಿ ಸಂಪರ್ಕಕ್ಕೆ 4ಜಿಯೇ ಆಧಾರವಾಗಿತ್ತು.

ಆಕ್ಷೇಪ ಯಾರ ಮೇಲೆ?

'ಹಿಂದಿನದಕ್ಕೂ ಹೊಂದಿಕೊಳ್ಳುತ್ತದೆ' ಎಂಬುದು ಮಾನಕದ ಗುಣ, ಕಂಪನಿಯ ವಾಗ್ದಾನವಲ್ಲ. ಹಳೆಯ ಮೋಡೆಮ್ ಜೊತೆ ಜಾಲ ಮಾತನಾಡಬಲ್ಲದು ಎಂದು ಮಾನಕ ಹೇಳುತ್ತದೆ. ಎಷ್ಟು ವರ್ಷ ಮಾತನಾಡುತ್ತದೆ ಎಂಬುದನ್ನು ಕಂಪನಿ ತನ್ನ ಲಾಭನಷ್ಟ ನೋಡಿ ತೀರ್ಮಾನಿಸುತ್ತದೆ. ಒಂದನ್ನು ಇನ್ನೊಂದರಂತೆ ಬಿಂಬಿಸುವುದು ತಪ್ಪು. ಫೋನ್ ಇದ್ದವರು ಸಂದೇಶ ಓದಿ ಎಚ್ಚೆತ್ತುಕೊಳ್ಳುತ್ತಾರೆ. ಮೀಟರ್‌ನೊಳಗೋ ಹವಾಮಾನ ಮಾಪಕದೊಳಗೋ ಕುಳಿತ ಮೋಡೆಮ್‌ಗೆ ಬಂದ ಸಂದೇಶವನ್ನು ಓದುವವರು ಯಾರು?

ಮಾರಾಟಗಾರರ ಮೇಲೂ ಆಕ್ಷೇಪವಿದೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿರುವುದು ವೇಗ. ಯಾವ ಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ, ಅಥವಾ ಇರುವುದೇ ಇಲ್ಲ. ಬಳಕೆದಾರರಿಗೆ ಬೇಕಾದದ್ದು ಇದರ ತಲೆಕೆಳಗು. 2012ರಲ್ಲಿ ಕೋಲ್ಕತ್ತ ಮತ್ತು ಬೆಂಗಳೂರಿನಲ್ಲಿ 4ಜಿ ಬಂದದ್ದು 2300 ಮೆಗಾಹರ್ಟ್ಸ್‌ನಲ್ಲಿ. 2016ರ ಸೆಪ್ಟೆಂಬರ್‌ನಲ್ಲಿ ಸೇವೆ ಆರಂಭಿಸಿದ ಜಿಯೋ 850, 1800 ಮತ್ತು 2300 ಮೆಗಾಹರ್ಟ್ಸ್ ಮೂರನ್ನೂ ಬಳಸಿತು. ಕಡಿಮೆ ಆವೃತ್ತಿಯ ತರಂಗಗಳು ಹೆಚ್ಚು ದೂರ ಸಾಗುತ್ತವೆ, ಗೋಡೆಗಳನ್ನು ಹೆಚ್ಚು ಸುಲಭವಾಗಿ ದಾಟುತ್ತವೆ. 2300 ಮಾತ್ರ ತಿಳಿದ 4ಜಿ ಮೋಡೆಮ್ ಪೇಟೆಯಲ್ಲಿ ಓಡಿ ಹಳ್ಳಿಯಲ್ಲಿ ಮುಗ್ಗರಿಸಿದರೆ ಅದು ಹಳತಾಯಿತು ಎಂದಲ್ಲ. ಅಲ್ಲಿನ ಗೋಪುರದ ಪಟ್ಟಿ ಅದಕ್ಕೆ ಕೇಳಿಸುತ್ತಿಲ್ಲ ಎಂದರ್ಥ.

ನೀವು ಮಾಡಬಹುದಾದದ್ದು

ತರಗತಿಯಲ್ಲಿ ಇದೊಂದು ಒಳ್ಳೆಯ ಚಟುವಟಿಕೆ. ಶಾಲೆಯ ಮೋಡೆಮ್‌ನ ಕೈಪಿಡಿ ಅಥವಾ ಪೆಟ್ಟಿಗೆಯನ್ನು ತೆಗೆದು ಅದು ಬಳಸುವ ಪಟ್ಟಿಗಳ ಸಂಖ್ಯೆಗಳನ್ನು ಬರೆಯಿಸಿ. 4ಜಿಯಲ್ಲಿ ಬಿ1 ಎಂದರೆ 2100, ಬಿ3 ಎಂದರೆ 1800, ಬಿ5 ಎಂದರೆ 850, ಬಿ8 ಎಂದರೆ 900, ಬಿ28 ಎಂದರೆ 700, ಬಿ40 ಎಂದರೆ 2300 ಮೆಗಾಹರ್ಟ್ಸ್. ನಿಮ್ಮೂರಿನ ಗೋಪುರ ಯಾವ ಪಟ್ಟಿ ಬಳಸುತ್ತಿದೆ ಎಂಬುದನ್ನು ಫೋನಿನ ಜಾಲಪರೀಕ್ಷಕ ತಂತ್ರಾಂಶವೊಂದರಿಂದ ತಿಳಿದು ಪಕ್ಕದಲ್ಲಿ ಬರೆಯಿಸಿ. ಎರಡು ಸಾಲುಗಳಲ್ಲಿ ಒಂದಾದರೂ ಸಂಖ್ಯೆ ಹೊಂದಿಕೆಯಾದರೆ ಮೋಡೆಮ್ ಇನ್ನೂ ಬಳಕೆಗೆ ಬರುತ್ತದೆ. ಹೆಚ್ಚು ಹೊಂದಿಕೆಯಾದಷ್ಟೂ ಅದರ ಮುಂದಿನ ಬಾಳು ಭದ್ರ.

ಮುಂದಿನ ಸಲ ಜಾಲ ಮೇಲ್ದರ್ಜೆಗೇರಿತು ಎಂಬ ಸುದ್ದಿ ಓದಿದಾಗ 'ಎಷ್ಟು ವೇಗ?' ಎಂಬುದಕ್ಕಿಂತ ಮೊದಲು 'ಯಾವ ಪಟ್ಟಿಯನ್ನು ಖಾಲಿ ಮಾಡುತ್ತಿದ್ದಾರೆ?' ಎಂದು ಕೇಳಿ. ಯಾವುದೂ ಇಲ್ಲವೆಂದಾದರೆ ನಿಮ್ಮ ಮೋಡೆಮ್ ಇದ್ದಲ್ಲೇ ಇರಲಿ.