ಮೊದಲು ಎತ್ತರ, ಆಮೇಲೆ ಉದ್ದ

ಇಂಗ್ಲೆಂಡಿನ ಸಸೆಕ್ಸ್ ಸೀಮೆಯಲ್ಲಿ, ಅಡರ್ ನದಿಯ ಬಯಲಿಗೆ ಮುಖಮಾಡಿದ ಸುಣ್ಣಗಲ್ಲಿನ ಗುಡ್ಡದ ಮೇಲಿರುವ ಲ್ಯಾನ್ಸಿಂಗ್ ಕಾಲೇಜು, ಹೆಸರಿಗೆ ಕಾಲೇಜಾದರೂ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹುಟ್ಟಿದ ವಸತಿ ಶಾಲೆ. ಮಧ್ಯಮ ವರ್ಗದ ಮಕ್ಕಳಿಗೆ ಚರ್ಚಿನ ಆಶ್ರಯದಲ್ಲಿ ವಿದ್ಯೆ ದೊರೆಯಬೇಕೆಂಬ ಹಂಬಲದಿಂದ ಪಾದ್ರಿ ನಥಾನಿಯಲ್ ವುಡರ್ಡ್ 1848ರಲ್ಲಿ ಸ್ಥಾಪಿಸಿದ ಈ ಶಾಲೆ 1857ರಲ್ಲಿ ಗುಡ್ಡದ ಮೇಲಿನ ಸ್ವಂತ ಕಟ್ಟಡಕ್ಕೆ ಬಂದಿತು. ವಾಸ್ತುಶಿಲ್ಪಿ ರಿಚರ್ಡ್ ಕ್ರಾಮ್‌ವೆಲ್ ಕಾರ್ಪೆಂಟರ್ ಯೋಜಿಸಿದ ಶಾಲಾ ಕಟ್ಟಡಗಳು ಚೌಕ ಅಂಗಳಗಳನ್ನು ಸುತ್ತುವರಿದಿದ್ದು, ಅವುಗಳ ಗೋಡೆಗೆ ಸುಣ್ಣಗಲ್ಲಿನ ಪದರಗಳಲ್ಲೇ ಸಿಗುವ ಚಕಮಕಿ ಕಲ್ಲನ್ನು ಬಳಸಲಾಗಿದೆ. ಗಾಜಿನಂತೆ ಸಿಡಿದು ಒಡೆಯುವ ಈ ಕಲ್ಲಿನಲ್ಲಿ ನೇರವಾದ ಅಂಚು ತೆಗೆಯುವುದು ಕಷ್ಟವಾದ್ದರಿಂದ ಮೂಲೆಗಳಿಗೂ ಕಿಟಕಿಯ ಚೌಕಟ್ಟುಗಳಿಗೂ ಬೇರೆ ಕಲ್ಲನ್ನು ಕಡೆದು ಕೂರಿಸಲಾಗಿದೆ.

ಈ ಅಂಗಳಗಳ ಅಳತೆ ಹುಡುಗರ ಓಡಾಟಕ್ಕೆ ಒಗ್ಗುವಂಥದು. ಪಕ್ಕದಲ್ಲಿರುವ ಪ್ರಾರ್ಥನಾ ಮಂದಿರದ ಅಳತೆ ಹಾಗಲ್ಲ. 1868ರಲ್ಲಿ ಅಡಿಗಲ್ಲು ಕಂಡ, ಕಾರ್ಪೆಂಟರನ ಮಗ ರಿಚರ್ಡ್ ಹರ್ಬರ್ಟ್ ಮತ್ತು ವಿಲಿಯಂ ಸ್ಲೇಟರ್ ವಿನ್ಯಾಸಗೊಳಿಸಿದ ಈ ಮರಳುಗಲ್ಲಿನ ಕಟ್ಟಡ ಗಾಥಿಕ್ ಶೈಲಿಯದು. ಎಂದರೆ, ತುದಿ ಚೂಪಾದ ಕಮಾನುಗಳು ಚಾವಣಿಯ ಭಾರವನ್ನು ಕಂಬಗಳಿಗೂ ಹೊರಗಿನ ಆನಿಕೆಗೋಡೆಗಳಿಗೂ ದಾಟಿಸುವುದರಿಂದ, ನಡುವಿನ ಗೋಡೆ ಹಗುರಾಗಿ ಅಲ್ಲಿ ದೊಡ್ಡ ಕಿಟಕಿಗಳಿಗೆ ಎಡೆಯಾಗುತ್ತದೆ. ಒಳಗಿನ ಎತ್ತರ ಸುಮಾರು 90 ಅಡಿ. ಅದನ್ನು ಹೊರಲು ಕೆಲವೆಡೆ ಪಾಯವನ್ನು 70 ಅಡಿಯವರೆಗೂ ಇಳಿಸಬೇಕಾಯಿತು.

ಆದರೆ ಈ ಕಟ್ಟಡದ ಮರ್ಮವಿರುವುದು ಅಳತೆಗಿಂತ ಹೆಚ್ಚಾಗಿ ಕಟ್ಟಿದ ಕ್ರಮದಲ್ಲಿ. ಇಡೀ ಮಂದಿರದ ಗೋಡೆಗಳನ್ನು ಒಟ್ಟಿಗೆ ಮೇಲೆತ್ತುತ್ತ ಹೋಗುವ ಬದಲು, ಬಲಿಪೀಠವಿರುವ ಪೂರ್ವದ ತುದಿಯನ್ನು ಮೊದಲು ಪೂರ್ಣ ಎತ್ತರಕ್ಕೆ ಮುಗಿಸಬೇಕೆಂದು ವುಡರ್ಡ್ ಪಟ್ಟುಹಿಡಿದನು. ತನ್ನ ನಂತರ ಬಂದವರು ಹಣವಿಲ್ಲವೆಂದು ಉದ್ದವನ್ನು ಮೊಟಕುಗೊಳಿಸಬಹುದಾಗಿತ್ತೇ ಹೊರತು, ಆಗಲೇ ನಿಂತುಬಿಟ್ಟ ಎತ್ತರವನ್ನು ಇಳಿಸುವಂತಿರಲಿಲ್ಲ. ಇದನ್ನು ಭಕ್ತಿ ಎನ್ನುವುದಕ್ಕಿಂತ ಮುತ್ಸದ್ದಿತನ ಎನ್ನುವುದೇ ಸರಿ. 1891ರಲ್ಲಿ ಅವನು ತೀರಿಕೊಂಡಾಗ ಕೆಲಸ ಇನ್ನೂ ನಡೆದಿತ್ತು. ಮಂದಿರದ ಪ್ರತಿಷ್ಠಾಪನೆಯಾದದ್ದು 1911ರಲ್ಲಿ, ಅದೂ ಪಶ್ಚಿಮದ ತುದಿ ಅಪೂರ್ಣವಾಗಿರುವಾಗಲೇ.

ಆ ತುದಿಗೆ ದಶಕಗಳ ಕಾಲ ತಗಡಿನ ಮರೆಯೇ ಗತಿಯಾಗಿತ್ತು. ಕೊನೆಗೆ ವಾಸ್ತುಶಿಲ್ಪಿ ಸ್ಟೀಫನ್ ಡೈಕ್ಸ್ ಬೋವರ್ ಅಲ್ಲಿ 32 ಅಡಿ ವ್ಯಾಸದ ರೋಸ್ ವಿಂಡೋವನ್ನು, ಅಂದರೆ ಕಲ್ಲಿನ ಎಸಳುಗಳ ನಡುವೆ ಬಣ್ಣದ ಗಾಜು ಕೂರಿಸಿದ ವೃತ್ತಾಕಾರದ ಕಿಟಕಿಯನ್ನು ವಿನ್ಯಾಸಗೊಳಿಸಿದನು. ಅದು 1970ರ ದಶಕದಲ್ಲಿ ಪೂರ್ಣಗೊಂಡಿತು. ಕಾಂಕ್ರೀಟಿನ ಆ ಯುಗದಲ್ಲಿ ನೂರು ವರ್ಷ ಹಿಂದಿನ ಶೈಲಿಗೇ ಅಂಟಿಕೊಂಡದ್ದು ಕೆಲವರಿಗೆ ಅಂಜುಬುರುಕತನವಾಗಿ ಕಂಡೀತು. ಆದರೆ ಪೂರ್ವದ ತುದಿ ಮೊದಲೇ ಶ್ರುತಿ ಹಿಡಿದಿಟ್ಟಿದ್ದಾಗ, ಪಶ್ಚಿಮದಲ್ಲಿ ಬೇರೊಂದು ರಾಗ ಎತ್ತಿದ್ದರೆ ಅಪಸ್ವರವೇ ಆಗುತ್ತಿತ್ತು. ಪಶ್ಚಿಮದ ಮುಖಮಂಟಪ 2022ರಲ್ಲಿ ಮುಗಿಯಿತು. ಮೂಲ ಯೋಜನೆಯಲ್ಲಿದ್ದ ಗೋಪುರ ಮಾತ್ರ ನಕ್ಷೆ ಬಿಟ್ಟು ಮೇಲೇಳಲಿಲ್ಲ.