ಒಂದೇ ಎಸರು, ಎರಡು ಅಡುಗೆ

ಬಸ್ಸಾರು ಮಾಡುವ ಮನೆಗೆ ಊಟದ ಹೊತ್ತಿಗೆ ಸರಿಯಾಗಿ ಹೋದರೆ ಅರ್ಧ ಸುಖ ಕೈತಪ್ಪುತ್ತದೆ. ಒಂದು ತಾಸು ಮುಂಚೆ ಹೋಗಿ ಅಡುಗೆಮನೆಯ ಹೊಸ್ತಿಲ ಬಳಿ ಕೂರಬೇಕು. ಅಷ್ಟು ಹೊತ್ತಿಗೆ ಕಾಳು ಮುಕ್ಕಾಲು ಬೆಂದಿರುತ್ತದೆ. ತೊಳೆದು ಹೆಚ್ಚಿದ ಸೊಪ್ಪು ಮೊರದಲ್ಲಿರುತ್ತದೆ. ಸೊಪ್ಪು, ಉಪ್ಪು ಬಿದ್ದ ಮೇಲೆ ಪಾತ್ರೆಗೆ ಮುಚ್ಚಳ ಹಾಕುವುದಿಲ್ಲ. ಹಾಕಿದರೆ ಸೊಪ್ಪಿನ ಬಣ್ಣ ಕೆಡುತ್ತದೆ. ಇನ್ನು ಬಾಕಿ ಇರುವುದು ಬಸಿಯುವ ಕೆಲಸ. ಮಾಗಡಿ ಕಡೆಯ ಒಂದು ಮನೆಯಲ್ಲಿ ಮೊಮ್ಮಗಳು ಆತುರಪಟ್ಟು ಪಾತ್ರೆಗೆ ಕೈ ಹಾಕಿದಾಗ ಅಜ್ಜಿ ಕೂತಲ್ಲಿಂದಲೇ ತಡೆದರು: “ತಡಿಯವ್ವ, ಈಗಲೇ ಬಸೀಬ್ಯಾಡ. ಕಾಳು ಇನ್ನೂ ಹಲ್ಲಿಗೆ ಸಿಕ್ತದೆ.” ನೋಡಿ ಹೇಳಿದ ಮಾತಲ್ಲ ಅದು. ಕುದಿಯುವ ಸದ್ದು ಕೇಳಿ, ಹಬೆಯ ವಾಸನೆ ಹಿಡಿದು ಹೇಳಿದ್ದು.

ಪಾತ್ರೆಯ ಬಾಯಿಗೆ ತಟ್ಟೆ ಅಡ್ಡ ಹಿಡಿದು ಬಗ್ಗಿಸಿದರೆ ಕಟ್ಟು ಕೆಳಗಿನ ಪಾತ್ರೆಗೆ ಇಳಿಯುತ್ತದೆ, ಕಾಳು–ಸೊಪ್ಪು ಮೇಲುಳಿಯುತ್ತದೆ. ಮೇಲುಳಿದದ್ದಕ್ಕೆ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಬಿದ್ದು ಮೇಲೊಂದಿಷ್ಟು ತೆಂಗಿನತುರಿ ಉದುರಿದರೆ ಅದು ಪಲ್ಯ. ಕಟ್ಟಿಗೆ ಬೇರೆಯದೇ ಸಿದ್ಧತೆ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳು ಮೆಣಸನ್ನು ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿ, ಕಾಯಿ, ಹುಣಸೆಹಣ್ಣು ಸೇರಿಸಿ ರುಬ್ಬಬೇಕು. ರುಬ್ಬುವಾಗ ಬೆಂದ ಕಾಳು–ಸೊಪ್ಪಿನದೂ ಒಂದು ಹಿಡಿ ಕಲ್ಲಿಗೆ ಬೀಳಬೇಕು. ಆ ಒಂದು ಹಿಡಿಯಲ್ಲೇ ಸಾರಿನ ಮರ್ಯಾದೆ ಇದೆ. ಅದಿಲ್ಲದಿದ್ದರೆ ಸಾರು ನೀರು ನೀರಾಗಿ ನಾಲಿಗೆಯಿಂದ ಜಾರಿ ಹೋಗುತ್ತದೆ; ಹೆಚ್ಚಾದರೆ ಗೊಜ್ಜಾಗಿ ಮುದ್ದೆ ಗಂಟಲಿಗಿಳಿಯುವುದಿಲ್ಲ. ಮುದ್ದೆಯನ್ನು ಅಗಿಯದೆ ನುಂಗುವ ನಾಡಿನಲ್ಲಿ ಸಾರು ಎಷ್ಟು ತೆಳು, ಎಷ್ಟು ಗಟ್ಟಿ ಎಂಬುದು ಸಣ್ಣ ವಿಷಯವಲ್ಲ.

ಹೋಟೆಲಿನ ಬಸ್ಸಾರು ನನ್ನ ನಾಲಿಗೆಗೆ ಹತ್ತದಿರುವುದಕ್ಕೆ ಕಾರಣ ಇಲ್ಲೇ ಇದೆ. ನಾನು ಉಂಡ ಎಷ್ಟೋ ಕಡೆ ಸಾರನ್ನೇ ಬೇರೆ, ಪಲ್ಯವನ್ನೇ ಬೇರೆ ಮಾಡಿಟ್ಟಿರುತ್ತಾರೆ. ಬಟ್ಟಲು ಬೇರೆ ಬೇರೆಯಾದರೂ ಬಾಯಲ್ಲಿ ಎರಡೂ ಒಂದೇ ಮೂಲಕ್ಕೆ ಮರಳಬೇಕು. ಒಂದೇ ಎಸರಿನಲ್ಲಿ ಕೂಡಿ ಬೆಂದಿದ್ದರೆ ಮಾತ್ರ ಹಾಗಾಗುತ್ತದೆ.

ಒಂದನ್ನು ಬೇಯಿಸಿ ಎರಡನ್ನು ಪಡೆಯುವುದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮನೆಬದುಕಿನಲ್ಲಿ ಎಲ್ಲೆಲ್ಲೂ ಕಾಣುವ ಜಾಣ್ಮೆ. ಬಡತನದಿಂದ ಬಂದ ಉಳಿತಾಯ ಎಂದು ಹಲವರು ಇದನ್ನು ತಳ್ಳಿಹಾಕುತ್ತಾರೆ. ಬಡತನ ಇತ್ತು, ಇಲ್ಲವೆನ್ನಲಾರೆ. ಆದರೆ ಇರುವುದರಲ್ಲಿ ಇನ್ನೊಂದನ್ನು ಕಾಣುವ ಕಣ್ಣು ಬಡತನವೊಂದರಿಂದ ಬರುವುದಿಲ್ಲ, ಅದಕ್ಕೆ ರಸಿಕತೆ ಬೇಕು. ಮುಂಗಾರು ಬಿದ್ದು ಹೊಲ ಹಸಿರಾದಾಗ ರಾಗಿ ಪೈರಿನ ಸಾಲುಗಳ ನಡುವೆ ತಾನಾಗಿ ಏಳುವ ಅಣ್ಣೆ, ಗಣಿಕೆ, ಹೊನಗೊನ್ನೆ, ಕೀರೆಗಳನ್ನು ಕಳೆ ಎಂದು ಕಿತ್ತೆಸೆಯಬಹುದಿತ್ತು. ಇಲ್ಲಿನ ಹೆಂಗಸರು ಅವನ್ನು ಮಡಿಲಿಗೆ ಹಾಕಿಕೊಂಡು ಬಂದು ಬೆರಕೆಸೊಪ್ಪು ಎಂದು ಒಲೆಯ ಮೇಲಿಟ್ಟರು. ಹೊಲ ಹಸನಾಯಿತು, ಸಾರಿಗೂ ಆಯಿತು. ಯಾವ ಸೊಪ್ಪು ಎಷ್ಟು ಬೀಳಬೇಕು ಎಂಬುದಕ್ಕೆ ಲೆಕ್ಕವಿಲ್ಲ, ಆದರೆ ಹದವಿದೆ. ಚಳಿ ಬಿದ್ದು ಮಾಗಡಿಯ ಅವರೆಕಾಯಿ ಸೊಗಡು ಕಟ್ಟಿದಾಗಲೂ ಹಾಗೆಯೇ. ಕಾಳು ಸಾರಿಗೆ, ನೆನೆಸಿ ಹಿತುಕಿದ ಬೇಳೆ ಹಬ್ಬದ ಊಟಕ್ಕೆ, ಸಿಪ್ಪೆ ದನಕ್ಕೆ.

ಈ ಕಡೆಯ ಹಳೆಯ ಮನೆಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ತೊಟ್ಟಿಮನೆ ಎಂದರೆ ಈಚೆಗೆ ಜನ ಕಂಬದ ಕೆತ್ತನೆ, ಬಾಗಿಲವಾಡದ ಹೂಬಳ್ಳಿಯ ಫೋಟೊ ತೆಗೆಯುತ್ತಾರೆ. ಕೆತ್ತನೆ ಚೆಂದ, ನಿಜ. ಆದರೆ ತೊಟ್ಟಿಮನೆಯ ನಿಜವಾದ ಕಲೆ ನಡುವೆ ತೆರೆದಿರುವ ಬಯಲಿನಲ್ಲಿದೆ. ಹೊರಗೋಡೆಗೆ ಕಿಟಕಿ ಕಡಿಮೆ ಇಟ್ಟು, ಮನೆಯ ನಡುವಿನ ಒಂದೇ ತೆರಪಿನಿಂದ ಬೆಳಕು, ಗಾಳಿ, ಮಳೆನೀರು ಮೂರನ್ನೂ ಇಳಿಸಿಕೊಂಡರು. ಸುತ್ತಲ ಹಜಾರದಲ್ಲಿ ಮಗುವಿಗೆ ತೊಟ್ಟಿಲು, ಮುದುಕರಿಗೆ ಒರಗು, ಹಪ್ಪಳಕ್ಕೆ ಬಿಸಿಲು. ಅಡುಗೆಮನೆಯಲ್ಲಿ ಕೂತವಳಿಗೆ ಮನೆಯ ಯಾರ ದನಿಯೂ ತಪ್ಪುತ್ತಿರಲಿಲ್ಲ. ಸಣ್ಣ ಒಕ್ಕಲ ಮನೆಗಳಲ್ಲಿ ದನವೂ ಅದೇ ತಲೆಬಾಗಿಲಿನಿಂದ ಒಳಗೆ ಬಂದು ಗೊಂತಿನ ಮುಂದೆ ನಿಲ್ಲುತ್ತಿತ್ತು.

ಒಲೆಯ ಹೊಗೆಯೂ ಸುಮ್ಮನೆ ಹೋಗುತ್ತಿರಲಿಲ್ಲ. ಅಟ್ಟಕ್ಕೆ ಏರಿ ತೊಲೆ, ಗಳುಗಳಿಗೆ ಕಪ್ಪು ಹೊಳಪು ಕಟ್ಟಿ ಹುಳು ಹತ್ತದಂತೆ ಕಾಯುತ್ತಿತ್ತು. ಅಲ್ಲೇ ತೂಗಿಬಿಟ್ಟ ಬಿತ್ತನೆ ಬೀಜವನ್ನೂ ಕಾಯುತ್ತಿತ್ತು. ಬೂದಿ ಪಾತ್ರೆ ಬೆಳಗಲು, ಕಾಳಿಗೆ ಬೆರೆಸಲು, ಕೊನೆಗೆ ತಿಪ್ಪೆಗೆ. ಆ ಹೊಗೆ ಹೆಂಗಸರ ಕಣ್ಣು, ಎದೆ ಎರಡನ್ನೂ ಸುಟ್ಟಿದ್ದನ್ನು ನಾನು ಮರೆಮಾಚಿ ಬರೆಯಲಾರೆ. ಗ್ಯಾಸ್ ಒಲೆ ಬಂದದ್ದು ಒಳ್ಳೆಯದೇ ಆಯಿತು. ಆದರೆ ಒಲೆ ಆರಿದ ಹಳೆಯ ಮನೆ ಬೇಗ ಹಾಳಾಗುತ್ತದೆ. ಬೀಗ ಹಾಕಿ ಬೆಂಗಳೂರಿಗೆ ಹೋದವರ ತೊಟ್ಟಿಮನೆಗಳಲ್ಲಿ ಅಡುಗೆಮನೆಯ ಅಟ್ಟಕ್ಕೂ ಗೆದ್ದಲು ಹತ್ತುತ್ತದೆ. ಹಬ್ಬಕ್ಕಾದರೂ ಬಂದು ಒಲೆ ಹಚ್ಚಿ, ನೆಂಟರಿಷ್ಟರನ್ನು ಪಂಕ್ತಿಯಲ್ಲಿ ಕೂರಿಸಿ ಬಡಿಸುವ ಕುಟುಂಬಗಳ ಮನೆ ಇನ್ನೂ ಗಟ್ಟಿಯಾಗಿ ನಿಂತಿದೆ.

ಕನಕಪುರದ ಕಡೆ ಮನೆಯಲ್ಲಿ ಇನ್ನೊಂದು ಸಂಸಾರವೂ ಇರುತ್ತಿತ್ತು. ರೇಷ್ಮೆ ಹುಳುವಿಗೆ ಈಗ ಪ್ರತ್ಯೇಕ ಮನೆ ಕಟ್ಟುತ್ತಾರೆ. ಹಿಂದೆ ಜನರೂ ಹುಳುವೂ ಒಂದೇ ಸೂರಿನಡಿ. ಹುಳು ನಾಲ್ಕು ಬಾರಿ ಜ್ವರಕ್ಕೆ ಕೂತು, ಪೊರೆ ಬಿಟ್ಟು ಎದ್ದು, ಹಣ್ಣಾಗಿ, ಗೂಡು ಕಟ್ಟುವ ಚಂದ್ರಂಕಿ ಏರುವ ತನಕ ಮನೆಯವರಿಗೆ ಸರಿಯಾಗಿ ನಿದ್ದೆ ಇಲ್ಲ. ರಾತ್ರಿಯ ಮೇವೂ ತಪ್ಪುವಂತಿಲ್ಲ. ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಉಳಿದ ಎಲೆ ದನಕ್ಕೆ, ಹಿಕ್ಕೆ ಗೊಬ್ಬರಕ್ಕೆ. ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಒಣಗಿ ಒಲೆಗೆ ಬರುತ್ತದೆ. ಬಿದಿರ ಸಿಬಿರನ್ನು ಸುರುಳಿಯಾಗಿ ಸುತ್ತಿ ಕೂರಿಸಿದ ಚಂದ್ರಂಕಿ ಗೋಡೆಗೆ ಒರಗಿ ನಿಂತಾಗ ಅದರ ತುಂಬ ಗೂಡು ಕಟ್ಟಿದ ದೃಶ್ಯ ಯಾವ ಗೋಡೆಚಿತ್ರಕ್ಕೂ ಕಡಿಮೆಯಲ್ಲ.

ಚನ್ನಪಟ್ಟಣಕ್ಕೆ ಬಂದರೆ ಗೊಂಬೆಯದೇ ಮಾತು. ಗೊಂಬೆಗೂ ಮುಂಚೆ ಈ ಊರು ಬೇರೊಂದಕ್ಕೆ ಹೆಸರಾಗಿತ್ತು. ಟಿಪ್ಪು ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕೈಚಳಕ ಈ ಊರಿನ ಹಳೆಯ ಆಸ್ತಿ. ಜಪಾನಿಗೆ ಹೋಗಿ ಅಲ್ಲಿನ ಕಡೆಯುವ ಕೆಲಸ ಕಲಿತು ಬಂದ ಬಾವಾಸ್ ಮಿಯಾ ಅವರನ್ನು ಗೊಂಬೆ ಕಸುಬಿನ ಹಿರಿಯರೆಂದು ಊರು ನೆನೆಯುತ್ತದೆ.

ಗೊಂಬೆ ಮಾಡುವುದನ್ನು ಹತ್ತಿರದಿಂದ ನೋಡಬೇಕು. ಒಣಗಿಸಿದ ಆಲೆ ಮರದ ತುಂಡು ಯಂತ್ರದಲ್ಲಿ ಗಿರ್ರನೆ ತಿರುಗುತ್ತದೆ. ಉಳಿ ಸೋಕಿದ ಕಡೆ ಬಿಳಿ ಹೊಟ್ಟು ಹಾರಿ ಸೊಂಟ, ಕತ್ತು, ತಲೆ ಮೂಡುತ್ತವೆ. ಉಜ್ಜಿ ನುಣುಪು ಮಾಡಿದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೇ ಒತ್ತುತ್ತಾರೆ. ಬೆಂಕಿ ಇಲ್ಲ, ಕುಂಚ ಇಲ್ಲ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಕೇದಗೆಯ ಒಣಗರಿಯ ತುಂಡನ್ನು ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯ ಹೊಳಪು ಬರುತ್ತದೆ. ಆಕಾರ ಕೊಟ್ಟ ತಿರುಗಾಟವೇ ಬಣ್ಣವನ್ನೂ ಕೊಡುತ್ತದೆ. ಬಸ್ಸಾರಿನ ಮನೆಯಿಂದ ನೇರ ಇಲ್ಲಿಗೆ ಬಂದವರಿಗೆ ಈ ಜಾಣ್ಮೆಯ ಗುರುತು ಥಟ್ಟನೆ ಸಿಗುತ್ತದೆ.

ಚನ್ನಪಟ್ಟಣದ ಗೊಂಬೆಗಳಿಗೆ 2005–06ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ತಲೆಯಾಡಿಸುವ ರಾಜ–ರಾಣಿಯರಿಗೆ, ರೈಲುಗಾಡಿಗೆ ಗಿರಾಕಿಗಳು ಹೆಚ್ಚು. ನನಗೆ ಮಾತ್ರ ಎಲ್ಲಕ್ಕಿಂತ ಇಷ್ಟವಾಗುವುದು ಅಡುಗೆ ಆಟದ ಸಾಮಾನು: ಹೆಬ್ಬೆರಳ ಗಾತ್ರದ ಕೊಡ, ಅಂಗೈಯಲ್ಲಿ ಕೂರುವ ಬೀಸುವ ಕಲ್ಲು, ಒರಳು, ಒಲೆ, ಪುಟ್ಟ ಲಟ್ಟಣಿಗೆ. ದೊಡ್ಡವರ ಮನೆಯಿಂದ ಬೀಸುವ ಕಲ್ಲು ಮಾಯವಾಗಿ ಎಷ್ಟೋ ಕಾಲವಾಯಿತು. ಮಕ್ಕಳ ಆಟದಲ್ಲಿ ಅದು ಇನ್ನೂ ತಿರುಗುತ್ತಿದೆ. ಊರಾಚೆಯ ದೊಡ್ಡಮಳೂರಿನಲ್ಲಿ, ಅಪ್ರಮೇಯಸ್ವಾಮಿ ಗುಡಿಯ ಅಂಬೆಗಾಲು ಕೃಷ್ಣನಿಗೆ ಮಕ್ಕಳನ್ನು ಬೇಡಿ ಬಂದವರು ಪುಟ್ಟ ತೊಟ್ಟಿಲುಗಳನ್ನು ಹರಕೆ ಒಪ್ಪಿಸುತ್ತಾರೆ, ಬೆಣ್ಣೆ ಅರ್ಪಿಸುತ್ತಾರೆ. ಮಗು, ಆಟಿಕೆ, ಬೆಣ್ಣೆ, ಹೀಗೆ ಮನೆಯೊಳಗಿನದ್ದೆಲ್ಲ ಈ ಸೀಮೆಯಲ್ಲಿ ದೇವರ ತನಕ ಹೋಗುತ್ತದೆ.

ಮನೆಯ ಸಾಮಾನಿನಲ್ಲಿ ಕಲೆ ಇದೆ ಎಂದು ಜಗತ್ತಿನ ಬೇರೆ ಕಡೆಯೂ ಗಟ್ಟಿ ದನಿಯಲ್ಲಿ ಹೇಳಿದವರಿದ್ದಾರೆ. ಜಪಾನಿನ ಸೋಯೆತ್ಸು ಯಾನಗಿ, ಹೆಸರಿಲ್ಲದ ಕೈಗಳು ದಿನಬಳಕೆಗೆಂದು ಮಾಡಿದ ಬಟ್ಟಲು, ಬುಟ್ಟಿ, ಬಟ್ಟೆಗಳಲ್ಲೇ ಸೌಂದರ್ಯ ಕಂಡು 1936ರಲ್ಲಿ ಟೋಕಿಯೊದಲ್ಲಿ ಅದಕ್ಕೊಂದು ಸಂಗ್ರಹಾಲಯ ತೆರೆದರು. ನಮ್ಮಲ್ಲಿ ಆ ಕೆಲಸ ಮಾಡಿದವರು ಎಚ್.ಎಲ್. ನಾಗೇಗೌಡರು. ಐಎಎಸ್ ಅಧಿಕಾರಿಯಾಗಿದ್ದ ಅವರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಹುಟ್ಟುಹಾಕಿದರು. ರಾಮನಗರ–ಚನ್ನಪಟ್ಟಣದ ನಡುವೆ ಹದಿನೈದು ಎಕರೆಯಲ್ಲಿ ಎದ್ದ ಜಾನಪದ ಲೋಕ 1994ರಲ್ಲಿ ತೆರೆಯಿತು. ಅಲ್ಲಿನ ಲೋಕಮಾತಾ ಮಂದಿರಕ್ಕೆ ಹೋದವರು ಅವಸರ ಮಾಡಬಾರದು. ಒರಳು, ಬೀಸುವ ಕಲ್ಲು, ಮೊರ, ಮಡಕೆಗಳ ಮುಂದೆ ನಿಂತು ಅವುಗಳ ಸವೆತವನ್ನು ನೋಡಬೇಕು. ಬೀಸುವ ಕಲ್ಲಿನ ಗೂಟವನ್ನು ಒಂದು ಕೈ ಹಿಡಿದಿರಲಿಲ್ಲ, ಅತ್ತೆ–ಸೊಸೆ, ಓರಗಿತ್ತಿಯರು ಎದುರುಬದುರು ಕೂತು ಹಿಡಿದಿದ್ದರು. ರಾಗಿಯ ಜೊತೆಗೆ ಹಾಡೂ ಹುಟ್ಟುತ್ತಿದ್ದುದು ಆ ಕಲ್ಲಿನಿಂದಲೇ. ನಾಗೇಗೌಡರು ಊರೂರು ಸುತ್ತಿ ಹಾಡನ್ನೂ ಕಲ್ಲನ್ನೂ ಒಟ್ಟಿಗೆ ಉಳಿಸಿದರು. ಒಂದನ್ನು ಬಿಟ್ಟು ಇನ್ನೊಂದನ್ನು ತಂದಿದ್ದರೆ ಎರಡೂ ಅರ್ಥವಾಗುತ್ತಿರಲಿಲ್ಲ.

2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಪೂರ್ತಿ ತೆರೆದ ಮೇಲೆ ಕಾರುಗಳು ರಾಮನಗರ, ಚನ್ನಪಟ್ಟಣಗಳ ಹೊರಗಿನಿಂದಲೇ ಹಾರಿ ಹೋಗುತ್ತಿವೆ. ಹಳೆಯ ರಸ್ತೆಯ ಗೊಂಬೆ ಅಂಗಡಿಗಳಿಗೆ ದಾರಿಹೋಕರ ವ್ಯಾಪಾರ ತಗ್ಗಿದೆ. ಮೈಸೂರಿಗೆ ಅರ್ಧ ದಿನ ತಡವಾಗಿ ಹೋಗುವುದರಿಂದ ಏನೂ ಕೆಡುವುದಿಲ್ಲ. ಬಿಡದಿಯ ಹತ್ತಿರ ಹೆದ್ದಾರಿ ಇಳಿದು ಹಳೆಯ ರಸ್ತೆ ಹಿಡಿಯಿರಿ. ಜಾನಪದ ಲೋಕದಲ್ಲಿ ಒಂದು ಬೆಳಗು ಕಳೆಯಿರಿ, ಚನ್ನಪಟ್ಟಣದಲ್ಲಿ ಅಂಗಡಿಯಿಂದ ಕೊಳ್ಳುವ ಮುಂಚೆ ಕಡೆಯುವವರ ಕೆಲಸ ನೋಡಿ. ಈ ಕಡೆ ಯಾರಾದರೂ ನೆಂಟರಿದ್ದರೆ ಮುಂಚೆಯೇ ಹೇಳಿ ಕಳಿಸಿ, ಊಟಕ್ಕೆ ಕೋಳಿ ಕೊಯ್ಯುವುದು ಬೇಡ, ಬಸ್ಸಾರು ಮಾಡಿ ಎಂದು ಕೇಳಿಕೊಳ್ಳಿ.

ಮನೆಯಲ್ಲೇ ಮಾಡುವುದಾದರೆ ಕಾಳನ್ನು ಕುಕ್ಕರಿನಲ್ಲಿ ಒಂದು ಸೀಟಿ ಕೂಗಿಸಬಹುದು, ಸೊಪ್ಪನ್ನು ಮಾತ್ರ ಆ ಕಾಳಿನೊಂದಿಗೆ ತೆರೆದ ಪಾತ್ರೆಯಲ್ಲೇ ಬೇಯಿಸಿ. ನೀರು ಮೊದಲೇ ಸಾಕಷ್ಟು ಇಡಬೇಕು, ಬಸಿದ ಮೇಲೆ ಕಟ್ಟಿಗೆ ತಣ್ಣೀರು ಬೆರೆಸಿದರೆ ರುಚಿ ಹೋಯಿತು. ಅಲಸಂದೆಗೆ ದಂಟು, ಹುರುಳಿಗೆ ಬೆರಕೆ, ಹಸಿ ತೊಗರಿಕಾಳಿಗೆ ಸಬ್ಬಸಿಗೆ ಎಂಬುದು ನನ್ನ ಆಯ್ಕೆ. ಸಾರು ಧಾರಾಳವಾಗಿಯೇ ಆಗಲಿ. ರಾತ್ರಿ ಉಳಿದದ್ದನ್ನು ಸಣ್ಣ ಉರಿಯಲ್ಲಿ ಕಾಯಿಸಿಟ್ಟರೆ ಮಾರನೇ ದಿನ ಇನ್ನಷ್ಟು ಹದಕ್ಕೆ ಬಂದಿರುತ್ತದೆ. ಉಳಿದ ಪಲ್ಯವನ್ನು ರಾಗಿಹಿಟ್ಟಿಗೆ ಹಾಕಿ, ಒಂದು ಈರುಳ್ಳಿ ಹೆಚ್ಚಿ ಸೇರಿಸಿ, ಬಿಸಿನೀರಲ್ಲಿ ಕಲಸಿ ಕಾವಲಿಯ ಮೇಲೆ ರೊಟ್ಟಿ ತಟ್ಟಿ. ಮೇಲೊಂದು ಉಂಡೆ ಬೆಣ್ಣೆ ಇಟ್ಟರೆ ಚಟ್ನಿಯ ಅಗತ್ಯವೇ ಬೀಳುವುದಿಲ್ಲ.