ಕಡಲಿಲ್ಲದ ಊರಿನ ಕಡಲಪಾತ್ರೆ

ಕಡಲತೀರದ ಸೊಬಗನ್ನು ಮನೆಗೆ ತರುವುದೆಂದು ಹೇಳಿ ಮಾರುವ ಪಿಂಗಾಣಿ ತಟ್ಟೆ ಬಟ್ಟಲುಗಳನ್ನು ಕಂಡಾಗಲೆಲ್ಲ, ಶಂಖ, ನಕ್ಷತ್ರಮೀನು, ಲಂಗರುಗಳ ಚಿತ್ರಗಳನ್ನು ಮೈತುಂಬ ಹೊತ್ತ ಅವುಗಳಲ್ಲಿ ಸಮುದ್ರವೊಂದನ್ನುಳಿದು ಮಿಕ್ಕೆಲ್ಲವೂ ಇದೆಯಲ್ಲಾ ಎಂದು ನನಗೆ ತೋರುವುದುಂಟು. ಇಂಗ್ಲೆಂಡಿನ ನೈಋತ್ಯದ ತುದಿಯಾದ ಕಾರ್ನ್‌ವಾಲಿನೊಡನೆ ನಂಟುಳ್ಳ ಎರಡು ಬಗೆಯ ಪಾತ್ರೆಗಳು ಈ ಸಂದೇಹಕ್ಕೆ ಚೆನ್ನಾಗಿ ಉತ್ತರ ಕೊಡುತ್ತವೆ.

ಮೊದಲನೆಯದು ಸೇಂಟ್ ಐವ್ಸ್ ಎಂಬ ಬೆಸ್ತರ ಊರಿನದು. ಬರ್ನಾರ್ಡ್ ಲೀಚ್ ಎಂಬ ಕುಂಬಾರನು 1920ರಲ್ಲಿ ಜಪಾನಿನ ಕುಂಬಾರ ಶೋಜಿ ಹಮಾದನೊಡನೆ ಜೊತೆಗೂಡಿ ಅಲ್ಲಿ ಕುಂಬಾರಶಾಲೆಯನ್ನು ತೆರೆದನು. ಸೌದೆಯೇ ದುರ್ಲಭವಾದ ಆ ಮರವಿರಳ ಸೀಮೆಯಲ್ಲಿ, ಮತ್ಸುಬಯಾಶಿ ಎಂಬ ಜಪಾನೀ ಕುಶಲಿ ಇಳಿಜಾರಿನಲ್ಲಿ ಮೆಟ್ಟಲುಮೆಟ್ಟಲಾಗಿ ಏರುವ ಮೂರಂಕಣದ ಆವಿಗೆಯನ್ನು ಕಟ್ಟಿಕೊಟ್ಟನು. ಅಲ್ಲಿ ತಯಾರಾದ ನಿತ್ಯೋಪಯೋಗದ ಬಟ್ಟಲುಗಳಲ್ಲಿ ಕೆಲವಕ್ಕೆ ಮೋಡ ಕವಿದ ದಿನದ ನೀರಿನ ಬೂದುಮಿಶ್ರಿತ ಹಸುರು ಬಣ್ಣವಿದ್ದರೂ ಅದು ಕಡಲನ್ನು ನೋಡಿ ಬಳಿದ ಬಣ್ಣವಲ್ಲ. ಗಾಜಿನಂಥ ಲೇಪದಲ್ಲಿ ಅಲ್ಪಾಂಶದಲ್ಲಿರುವ ಕಬ್ಬಿಣವು ಗಾಳಿ ಸಾಲದ ಬೆಂಕಿಯಲ್ಲಿ ಬೆಂದಾಗ ತಾನಾಗಿ ತಳೆಯುವ ವರ್ಣ, ಚೀನಾ ಕೊರಿಯಾಗಳ ಕುಂಬಾರರು ಶತಮಾನಗಳ ಹಿಂದೆಯೇ ಸಾಧಿಸಿದ್ದ ಸಿದ್ಧಿ.

ಎರಡನೆಯದು ಇದಕ್ಕಿಂತ ಸ್ವಾರಸ್ಯವಾದುದು. ನೀಲಿ ಬಿಳುಪಿನ ಅಡ್ಡಪಟ್ಟೆಗಳಿಂದ ಲೋಕಪ್ರಸಿದ್ಧವಾದ ‘ಕಾರ್ನಿಷ್‌ವೇರ್’ ಜಾಡಿಗಳು 1920ರ ದಶಕದಲ್ಲಿ ಹುಟ್ಟಿದುದು ಕಾರ್ನ್‌ವಾಲಿನಲ್ಲಲ್ಲ, ಡರ್ಬಿಷೈರಿನ ಚರ್ಚ್ ಗ್ರೆಸ್ಲಿಯಲ್ಲಿ, ಟಿ. ಜಿ. ಗ್ರೀನ್ ಕಂಪನಿಯ ಕಾರ್ಖಾನೆಯಲ್ಲಿ. ಬ್ರಿಟನ್ನಿನಲ್ಲಿ ಸಮುದ್ರಕ್ಕೆ ಅತ್ಯಂತ ದೂರವೆಂದು, ಸುಮಾರು 113 ಕಿಲೋಮೀಟರೆಂದು, ಗುರುತಿಸಲಾದ ಸ್ಥಳವು ಆ ಊರಿಗೆ ಕೆಲವೇ ಮೈಲಿಗಳಾಚೆ ಇದೆ! ಕಾರ್ನ್‌ವಾಲಿನಿಂದ ಮರಳಿದ ನೌಕರನೊಬ್ಬನಿಗೆ ಈ ಪಟ್ಟೆಗಳು ಅಲ್ಲಿಯ ನೀಲಿಯನ್ನೂ ಅಲೆಗಳ ನೊರೆಯನ್ನೂ ನೆನಪಿಗೆ ತಂದುದರಿಂದ ಈ ಹೆಸರು ಬಂದಿತೆಂದು ಐತಿಹ್ಯ.

ಹೆಸರು ಹೇಗೆ ಬಂದರೂ ಬರಲಿ, ರಸಿಕನು ಗಮನಿಸತಕ್ಕದ್ದು ಪಟ್ಟೆ ಮೂಡುವ ವಿಧಾನವನ್ನು. ಬಿಳಿಯ ಮಣ್ಣಿನ ಪಾತ್ರೆಯನ್ನು ಗಂಜಿಯಂತೆ ಕಲಸಿದ ನೀಲಿ ಜೇಡಿಯಲ್ಲಿ ಅದ್ದಿ, ಅದು ತೊಗಲಿನ ಹದಕ್ಕೆ ಒಣಗುವವರೆಗೆ ಕಾದು, ಅನಂತರ ಲೇತಿಗೇರಿಸಿ ತಿರುಗಿಸುತ್ತ, ಕುಶಲಿಯು ಉಳಿ ಹಿಡಿದು ನೀಲಿಯನ್ನು ಪಟ್ಟೆಪಟ್ಟೆಯಾಗಿ ಕೆತ್ತಿ ತೆಗೆಯುತ್ತಾನೆ. ಬಿಳುಪು ಇಲ್ಲಿ ಬಳಿದುದಲ್ಲ, ನೀಲಿಯ ಕೆಳಗೆ ಅಡಗಿದ್ದುದು. ಆದುದರಿಂದ ಬಿಳಿಯ ಪಟ್ಟೆ ನೀಲಿಗಿಂತ ಕೂದಲೆಳೆಯಷ್ಟು ತಗ್ಗಿ, ಪಾತ್ರೆಯ ಮೈಯಲ್ಲಿ ಕಣ್ಣಿಗಿಂತ ಮೊದಲು ಕೈಗೆ ತಿಳಿಯುವ ಏರಿಳಿತವೊಂದು ನಿಲ್ಲುತ್ತದೆ. ಆ ಕಾರ್ಖಾನೆ 2007ರಲ್ಲಿ ಬಾಗಿಲು ಹಾಕಿತು. ಹಿಟ್ಟು, ಸಕ್ಕರೆ, ಚಹಾ ಎಂದು ಕಪ್ಪಕ್ಷರದಲ್ಲಿ ಬರೆದ ಅದರ ಜಾಡಿಗಳನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಿದ್ದಾರೆ.

ನಮ್ಮ ಅಜ್ಜಿಯರು ಉಪ್ಪಿನಕಾಯಿಯ ಭರಣಿಯನ್ನು ಕೊಳ್ಳುವಾಗ ಬೆರಳಲ್ಲಿ ತಟ್ಟಿ, ಅಂಗೈಯಿಂದ ಸವರಿ ನೋಡುತ್ತಿದ್ದುದು ಸುಮ್ಮನೆಯಲ್ಲ. ಪಟ್ಟೆಯ ಜಾಡಿಯೊಂದು ಎದುರಾದಾಗ ನೀವೂ ಕಣ್ಣು ಮುಚ್ಚಿ ಹೆಬ್ಬೆರಳನ್ನು ಅದರ ಮೇಲೆ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಬೆರಳಿಗೆ ಅಲೆ ಸಿಕ್ಕಿದರೆ ಕೊಳ್ಳಿರಿ; ಸಿಕ್ಕದಿದ್ದರೆ, ಅದರ ಮೇಲೆ ಹತ್ತು ಶಂಖಗಳ ಚಿತ್ರವಿದ್ದರೂ ಅಂಗಡಿಯವನಿಗೇ ಬಿಟ್ಟು ಬನ್ನಿರಿ.